ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸಲೇ?

ಪ್ರಶ್ನೆ: ಸರ್, ಮೂಡಿಗೆರೆಯಿಂದ ಹಾಸನಕ್ಕೆ ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತ ಮಗಳ ಮುಖಕ್ಕೆ ಬಿಸಿಲು ಹೊಡೆಯುತ್ತದೆ. ಕಪ್ಪು ಫಿಲ್ಮ್ ಅಂಟಿಸಲೇ?
– ಒಬ್ಬ ತಾಯಿ

ಉತ್ತರ: ಬೇಡ ತಾಯಿ. ನಿಯಮದಂತೆ ಮುಂದಿನ, ಹಿಂದಿನ ಗಾಜು ಕನಿಷ್ಠ ಶೇ. 70ರಷ್ಟು, ಪಕ್ಕದವು ಶೇ. 50ರಷ್ಟು ಬೆಳಕು ಬಿಡಬೇಕು. ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿದೆ.

ದಂಡಕ್ಕಿಂತ ನನಗೆ ಹೆಚ್ಚು ಭಯ ನಿಮ್ಮ ಕಡೆಯ ಮಂಜಿನದು. ಮಳೆಗಾಲದ ಸಂಜೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿಗೆ ಇಳಿಯುವಾಗ ಪಕ್ಕದ ಕನ್ನಡಿಯೇ ಮಸುಕು. ಅದನ್ನು ನೋಡುವ ಗಾಜೂ ಕಪ್ಪಾದರೆ ಪಕ್ಕಕ್ಕೆ ಬಂದ ಬೈಕಿನವನು ಕಾಣುವುದು ಹೇಗೆ?

ಹಾಸನ ನಿಮಗೆ ಪೂರ್ವಕ್ಕಿದೆ. ಚಳಿಗಾಲದಿಂದ ಮಾರ್ಚ್‌ವರೆಗೆ ಬಿಸಿಲು ದಕ್ಷಿಣದ್ದು. ಹೋಗುವಾಗ ಮಗಳನ್ನು ಎಡಕ್ಕೆ ಕೂರಿಸಿ, ಬರುವಾಗ ಬಲಕ್ಕೆ.