ಇಂಕ್ ಬದಲಾಯಿಸೋ ಮೊದಲು ಪುಸ್ತಕ ಮುಚ್ಚೋದು ನಿಲ್ಲಿಸಿ

ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಕೊಳದ ಸ್ಕೆಚ್ಚಿನ ಫೋಟೋ ಇಲ್ಲಿ ಹಾಕಿದ್ದೀರಿ. ಕಪ್ಪು ಗೆರೆ ನೇರಳೆಯಾಗಿ ಹರಿದಿದೆ, ಎದುರು ಪುಟಕ್ಕೂ ಅಂಟಿಕೊಂಡಿದೆ, ಇನ್ನೂ ನಾಲ್ಕು ದಿನ ಕೊಡಗಲ್ಲೇ ಇರ್ತೀನಿ, ಯಾವ ಇಂಕ್ ತರಿಸಲಿ ಅಂತ ಕೇಳಿದ್ದೀರಿ. ಕೆಳಗೆ ಕಾಮೆಂಟಲ್ಲಿ ಎಲ್ಲರೂ ಒಂದೊಂದು ಇಂಕ್ ಬಾಟಲಿ ಹೆಸರು ಹೇಳಿ ಹೋಗಿದ್ದಾರೆ. ಮಾರಾಯ್ರೇ, ಬಾಟಲಿ ಆಮೇಲೆ ನೋಡೋಣ. ಜುಲೈ ತಿಂಗಳ ಮಡಿಕೇರಿಯಲ್ಲಿ ಬಿಡಿಸಿ ಮುಗಿದ ಕೂಡಲೇ ಪುಸ್ತಕ ಮುಚ್ಚಿ, ಎಲಾಸ್ಟಿಕ್ ಎಳೆದು, ಬ್ಯಾಗಿಗೆ ತುರುಕಿದ್ದೀರಿ. ಹೇಗೆ ಗೊತ್ತು ಅಂದ್ರೆ, ನಿಮ್ಮ ಫೋಟೋದಲ್ಲೇ ಇದೆ. ಬಲಗಡೆ ಅಂಚಿಗೆ ಆ ಎಲಾಸ್ಟಿಕ್ಕಿನ ಗುರುತು ಹಾಳೆ ಮೇಲೆ ಹಳ್ಳ ಬಿದ್ದ ಹಾಗೆ ಕೂತಿದೆ. ಒಣಗಿದ ಹಾಳೆ ಮೇಲೆ ಅದು ಹಾಗೆ ಕೂರಲ್ಲ.

ನಾನೂ ಇದನ್ನೇ ಮಾಡಿದವನು. ಹನ್ನೊಂದು ವರ್ಷದ ಹಿಂದೆ, ಇದೇ ಕಕ್ಕಡ, ಅಂದ್ರೆ ಕೊಡವರ ಮಳೆಗಾಲದ ತಿಂಗಳು. ಮಕ್ಕಳ ಪುಸ್ತಕ ಒಂದಕ್ಕೆ ಚಿತ್ರ ಬೇಕಿತ್ತು ಅಂತ ಕಕ್ಕಬ್ಬೆ ಕಡೆ ಐದು ದಿನ ಬೈಕಲ್ಲಿ ಸುತ್ತಿದೆ. 1792ರ ನಾಲ್ಕುನಾಡು ಅರಮನೆ, ಎರಡು ಕೊಡವ ಕುಟುಂಬಗಳ ಮೂಲಮನೆ, ಅಂದ್ರೆ ಐನ್‌ಮನೆ, ಹಿರಿಯರ ಗುಡಿ ಕೈಮಡ ಒಂದು, ಗದ್ದೆಯಲ್ಲಿ ನಾಟಿ. ಒಂದು ಐನ್‌ಮನೆಯ ಕೈಯಾಲೆ, ಅಂದ್ರೆ ಮುಂದಿನ ಜಗಲಿಯ ಕಂಬ ಬಿಡಿಸೋಕೇ ಅರ್ಧ ದಿನ ಹೋಯ್ತು, ಅಷ್ಟು ಕೆತ್ತನೆ. ಒಟ್ಟು ಹದಿನಾಲ್ಕು ಪುಟ. ಪ್ರತಿ ಪುಟ ಮುಗಿದಾಗಲೂ ಮಳೆ ಬೀಳುತ್ತೆ ಅಂತ ಪಟ್ ಅಂತ ಮುಚ್ಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಗಂಟು ಕಟ್ಟಿ ಬ್ಯಾಗಿಗೆ. ಭಾರಿ ಜಾಗ್ರತೆ ಮಾಡಿದ್ದೀನಿ ಅಂತ ನನಗೇ ಹೆಮ್ಮೆ. ಆ ಕವರೇ ಮುಳುಗಿಸಿದ್ದು. ಹೊರಗಿನ ನೀರು ಒಳಗೆ ಬರಲಿಲ್ಲ ಸರಿ, ಒಳಗಿನ ತೇವ ಹೊರಗೆ ಹೋಗೋಕೂ ದಾರಿ ಇರಲಿಲ್ಲ. ಐದನೇ ದಿನ ವಿರಾಜಪೇಟೆಯಲ್ಲಿ ಹೋಟೆಲ್ ರೂಮಲ್ಲಿ ಬಿಚ್ಚಿದರೆ ಪುಸ್ತಕ ಒಂದೇ ಇಟ್ಟಿಗೆ. ಆತುರಕ್ಕೆ ಕಿತ್ತೆ. ಕಂಬದ ಕೆತ್ತನೆ ಅರ್ಧ ಈ ಪುಟದಲ್ಲಿ, ಅರ್ಧ ಆ ಪುಟದಲ್ಲಿ.

ಆ ಮನೆಯ ಅಜ್ಜಿಗೆ ಚಿತ್ರ ತೋರಿಸ್ತೀನಿ ಅಂತ ಮಾತು ಕೊಟ್ಟಿದ್ದೆ. ವಾಪಸ್ ಹೋಗಿ ತೋರಿಸಿದೆ. ಅವರು ಕನ್ನಡಕ ಹಾಕ್ಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಇದರ ಮೇಲೆ ಮದ್ದುಸೊಪ್ಪಿನ ಪಾಯಸ ಚೆಲ್ಲಿದ್ಯಾ?" ಅಂದರು. ಬಣ್ಣ ನಿಜವಾಗ್ಲೂ ಹಾಗೇ ಇತ್ತು. ನಿಮ್ಮ ಫೋಟೋದಲ್ಲಿರೋದೂ ಅದೇ ನೇರಳೆ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಆ ನೇರಳೆ ಯಾಕೆ ಬರುತ್ತೆ ಅಂದ್ರೆ, ಮಾಮೂಲಿ ಫೌಂಟನ್ ಪೆನ್ ಇಂಕ್ ಡೈ ಇಂಕ್. ನೀರಲ್ಲಿ ಕರಗಿರೋ ಬಣ್ಣ. ಕಪ್ಪು ಅಂತ ಕಾಣೋದು ಎರಡು ಮೂರು ಬಣ್ಣ ಸೇರಿ. ನೀರು ಸಿಕ್ಕಿದ ಕೂಡಲೇ ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಓಡುತ್ತೆ. ಪಿಗ್ಮೆಂಟ್ ಇಂಕಲ್ಲಿ ಬಣ್ಣ ಪುಡಿಯಾಗಿ ಇರುತ್ತೆ, ಒಣಗಿದ ಮೇಲೆ ಹಾಳೆಗೆ ಕಚ್ಚಿಕೊಂಡು ಕೂರುತ್ತೆ. ಒಣಗಿದ ಮೇಲೆ. ಈ ಮಾತನ್ನು ಯಾರೂ ಗಮನಿಸೋದಿಲ್ಲ. ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳೋ ಊರು ಇದು. ಬೆಂಗಳೂರಲ್ಲಿ ಎರಡು ನಿಮಿಷಕ್ಕೆ ಒಣಗೋ ಗೆರೆ ಇಲ್ಲಿ ಅರ್ಧ ಗಂಟೆ ಆದರೂ ಬೆರಳಿಗೆ ಹತ್ತುತ್ತೆ. ನಾಳೆ ನೀವು ಸಾವಿರ ರೂಪಾಯಿ ಇಂಕ್ ತರಿಸಿ ಹೀಗೇ ಮುಚ್ಚಿದರೆ, ನೇರಳೆ ಬದಲು ಕಪ್ಪಗೆ ಅಂಟುತ್ತೆ, ಅಷ್ಟೇ.

ಈಗ ನಾನು ಮಾಡೋದು ಹೇಳ್ತೀನಿ. ಮಳೆಗಾಲದಲ್ಲಿ ಪುಸ್ತಕಕ್ಕೆ ಪೆನ್ಸಿಲ್ ಬಿಟ್ಟು ಬೇರೆ ಏನೂ ಮುಟ್ಟಿಸೋದಿಲ್ಲ. ಮೆತ್ತನೆ ಸೀಸದ 4ಬಿ ಅಥವಾ 6ಬಿ. ತೇವ ಹಿಡಿದ ಹಾಳೆ ಮೇಲೆ ಎಚ್‌ಬಿ ಗೀಚುತ್ತೆ, ಗೆರೆ ಬೀಳಲ್ಲ. ರಬ್ಬರ್ ಮನೆಯಲ್ಲೇ ಬಿಟ್ಟು ಬನ್ನಿ, ಒದ್ದೆ ಹಾಳೆ ಉಜ್ಜಿದರೆ ನಾರು ಎದ್ದು ಬರುತ್ತೆ, ಆಮೇಲೆ ಅಲ್ಲಿ ಬಣ್ಣ ಹಾಕಿದರೆ ಗಾಯದ ಥರ ಕಾಣುತ್ತೆ. ಇಂಕ್, ಬಣ್ಣ ಎರಡಕ್ಕೂ ಬಿಡಿ ಹಾಳೆ. 300 ಜಿಎಸ್ಎಂ ದಪ್ಪ ಹಾಳೆಯನ್ನು ಎ5 ಅಳತೆಗೆ ಕತ್ತರಿಸಿಕೊಂಡು, ಮಕ್ಕಳು ಪರೀಕ್ಷೆಗೆ ಒಯ್ತಾರಲ್ಲ, ಆ ಪ್ಯಾಡಿಗೆ ಕ್ಲಿಪ್ ಹಾಕಿ ಬಿಡಿಸ್ತೀನಿ. ಮುಗಿದ ಹಾಳೆ ಅಗಲವಾದ ಸ್ಟೀಲ್ ಟಿಫಿನ್ ಡಬ್ಬಿಗೆ ಹೋಗುತ್ತೆ. ಒಂದರ ಮೇಲೆ ಒಂದು ಇಡಲ್ಲ, ನಡುವೆ ಐಸ್‌ಕ್ರೀಂ ಕಡ್ಡಿ ಅಡ್ಡ ಇಡ್ತೀನಿ. ನಗಬೇಡಿ. ಹತ್ತು ವರ್ಷದಲ್ಲಿ ಒಂದು ಹಾಳೆ ಅಂಟಿಲ್ಲ.

ಸಂಜೆ ಹಂಡೆ ಒಲೆ. ನಿಮ್ಮ ಹೋಂಸ್ಟೇಯಲ್ಲೂ ಹಿಂದುಗಡೆ ಬಚ್ಚಲಲ್ಲಿ ಇದ್ದೇ ಇರುತ್ತೆ, ಕೇಳಿ ನೋಡಿ. ಸ್ನಾನಕ್ಕೆ ಉರಿ ಹಾಕಿರೋ ಕಡೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿಗೆ ಹಾಳೆ ನೇತು ಹಾಕೋದು. ಒಲೆಯಿಂದ ಕನಿಷ್ಠ ಒಂದು ಮಾರು ದೂರ. ಮೊದಲ ಸಲ ನಾನು ಹತ್ತಿರ ಕಟ್ಟಿ, ಬೆಳಿಗ್ಗೆ ನೋಡಿದರೆ ಹಾಳೆಗಳು ಹಪ್ಪಳದ ಹಾಗೆ ಸುರುಟಿದ್ದವು, ಆಕಾಶಕ್ಕೆಲ್ಲ ಹೊಗೆಯ ಬಣ್ಣ. ಹಸಿ ಸೌದೆ ಹಾಕಿದ ದಿನ ಬೇಡವೇ ಬೇಡ. ರಾತ್ರಿ ಕಟ್ಟಿದರೆ ಬೆಳಿಗ್ಗೆ ಒಣಗಿರುತ್ತೆ, ಆಮೇಲೆ ದಪ್ಪ ಪುಸ್ತಕದ ಕೆಳಗೆ ಒಂದು ಗಂಟೆ ಇಟ್ಟರೆ ಚಪ್ಪಟೆ. ಹೇರ್ ಡ್ರೈಯರ್ ಇದೆ ಅಂತೀರಿ, ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಕಂಬಕ್ಕೇ ಗೊತ್ತು. ಶೂ ಡಬ್ಬಿಯಲ್ಲಿ ಬರೋ ಸಿಲಿಕಾ ಜೆಲ್ ಚೀಲ ಎಸೀಬೇಡಿ, ಟಿಫಿನ್ ಡಬ್ಬಿಗೆ ಎರಡು ಹಾಕಿ. ಬಣ್ಣ ಬದಲಾಯಿಸೋ ನೀಲಿ ಜೆಲ್ ಸಿಕ್ಕಿದರೆ ಅದನ್ನು ಅಡುಗೆ ಬಾಣಲೆಯಲ್ಲಿ ಹುರಿದು ಒಣಗಿಸೋಕೆ ಹೋಗಬೇಡಿ, ಅದರಲ್ಲಿ ಕೋಬಾಲ್ಟ್ ಇರುತ್ತೆ. ಒಣಗಿದ ಕಾಫಿ ಬೀಜ ಹಾಕಿದರೂ ತೇವ ಹೀರುತ್ತೆ ಅಂತ ಒಬ್ಬರು ಹೇಳಿದ್ದು ಕೇಳಿ ಹಾಕಿದ್ದೆ. ಹೀರಿತೋ ಇಲ್ಲವೋ ದೇವರಿಗೇ ಗೊತ್ತು, ಡಬ್ಬಿ ಇವತ್ತಿಗೂ ಕಣದ ವಾಸನೆ ಬರುತ್ತೆ.

ಸರಿ, ಬ್ರ್ಯಾಂಡ್. ಕೇಳಿದ್ದೀರಿ ಅಂತ ಹೇಳ್ತೀನಿ. ಪಿಗ್ಮೆಂಟ್ ಇಂಕಿನ ಪೆನ್ ಪಿಗ್ಮಾ ಮೈಕ್ರಾನ್ ಚೆನ್ನಾಗಿದೆ, ಆದರೆ ಒರಟು ಹಾಳೆ ಮೇಲೆ 01 ನಂಬರಿನ ತುದಿ ಬೇಗ ಸವೆಯುತ್ತೆ, 03 ತಗೊಳ್ಳಿ. ಫೌಂಟನ್ ಪೆನ್ನೇ ಬೇಕು ಅಂದ್ರೆ ಪ್ಲಾಟಿನಂ ಕಾರ್ಬನ್ ಇಂಕ್, ಅದೂ ದಿನಾ ಬರೆಯೋ ಪೆನ್ನಿಗೆ ಮಾತ್ರ. ಒಂದು ವಾರ ಸುಮ್ನೆ ಇಟ್ಟರೆ ಕಟ್ಟಿಕೊಳ್ಳುತ್ತೆ. ಸ್ಟೇಷನರಿ ಅಂಗಡಿಯಲ್ಲಿ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಅಂತ ಚಿಕ್ಕ ಬಾಟಲಿ ಸಿಗುತ್ತಲ್ಲ, ಅದನ್ನು ಫೌಂಟನ್ ಪೆನ್ನಿಗೆ ತುಂಬಬೇಡಿ. ಅಂಥದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತೆ, ಅದ್ದಿ ಬರೆಯೋ ನಿಬ್ಬಿಗೆ ಸರಿ. ನನ್ನದೊಂದು ಒಳ್ಳೆ ಪೆನ್ ಹಾಗೇ ಸತ್ತಿತು. ಇದೆಲ್ಲ ಬೇಡ ಅಂದ್ರೆ ಬಾಲ್ ಪೆನ್. ಹೌದು, ಐದು ಹತ್ತು ರೂಪಾಯಿದು. ಅದರ ಇಂಕ್ ಎಣ್ಣೆಯದ್ದು, ನೀರಿಗೆ ಜಗ್ಗಲ್ಲ. ಬಿಸಿಲಲ್ಲಿ ವರ್ಷಗಟ್ಟಲೆ ಇಟ್ಟರೆ ಮಾಸುತ್ತೆ, ಅದಕ್ಕೆ ಫ್ರೇಮ್ ಹಾಕೋ ಚಿತ್ರಕ್ಕೆ ಬೇಡ, ಪುಸ್ತಕದೊಳಗೆ ಇರೋದಕ್ಕೆ ಏನು ತೊಂದರೆ? ಹಾಳೆ ಮಾತ್ರ ಕಡಿಮೆ ದರದ್ದು ತರಬೇಡಿ. ಪೂರ್ತಿ ಹತ್ತಿಯದು ದುಬಾರಿ, ಆದರೆ ತೇವ ತಡೆಯುತ್ತೆ. ಆರ್ಚಸ್ ಬ್ರ್ಯಾಂಡಿನ ಒಂದೇ ಒಂದು ದೊಡ್ಡ ಶೀಟ್ ತಂದು ಕತ್ತರಿಸಿದರೆ ಸಣ್ಣ ಪ್ಯಾಡ್ ಕೊಳ್ಳೋದಕ್ಕಿಂತ ಉಳಿತಾಯ.

ನಿಮ್ಮ ಬಣ್ಣದ ಬಗ್ಗೆ ಕೇಳಿಲ್ಲ, ಆದರೂ ಹೇಳ್ತೀನಿ, ಬೈಕೊಳ್ಳಿ. ಟ್ಯೂಬಿನಿಂದ ಹಿಂಡಿದ ಸ್ಯಾಪ್ ಗ್ರೀನನ್ನು ಹಾಗೇ ಗುಡ್ಡಕ್ಕೆಲ್ಲ ಬಳಿದಿದ್ದೀರಿ. ಕೊಡಗು ಹಸಿರು, ಒಪ್ಪಿದೆ. ಆದರೆ ಒಂದೇ ಹಸಿರಲ್ಲ. ರೊಬಸ್ಟಾ ಕಾಫಿ ಎಲೆ ಅಗಲ, ಮೇಲೆ ಮಿಂಚುತ್ತೆ. ಮಳೆ ಬಿದ್ದಾಗ ಆ ಎಲೆ ಮೇಲೆ ಕಾಣೋದು ಹಸಿರಲ್ಲ, ಆಕಾಶದ ಬೂದು. ಅಲ್ಲಿ ಹಾಳೆಯನ್ನು ಖಾಲಿ ಬಿಡಬೇಕು, ನಿಮ್ಮ ಕೈ ತಡೆಯಲ್ಲ, ಅಲ್ವಾ? ಸಿಲ್ವರ್ ಓಕ್ ಎಲೆಯ ಅಡಿ ಬೆಳ್ಳಗೆ, ಗಾಳಿ ಬಂದಾಗ ಇಡೀ ಮರ ಬಣ್ಣ ಬದಲಾಯಿಸುತ್ತೆ. ಗದ್ದೆಯ ಸಸಿ ಮಡಿ ಹಳದಿ ಹಸಿರು. ನಾನು ಒಯ್ಯೋದು ಅಲ್ಟ್ರಾಮರೀನ್ ನೀಲಿ, ಬರ್ಂಟ್ ಸಿಯೆನ್ನಾ ಕಂದು, ಒಂದು ಹಳದಿ. ಇಷ್ಟರಲ್ಲೇ ಎಲ್ಲ ಹಸಿರೂ ಕಲಸ್ತೀನಿ. ಮತ್ತೆ ಮಂಜಿಗೆ ಬಿಳಿ ಬಣ್ಣ ಹಾಕಿದ್ದೀರಲ್ಲ, ಅದು ಸುಣ್ಣ ಬಳಿದ ಹಾಗಿದೆ. ಹತ್ತಿರದ ಮರ ಗಾಢ, ಹಿಂದಿನದು ತೆಳು, ಅದರ ಹಿಂದಿನದು ಇನ್ನೂ ತೆಳು. ಅಷ್ಟೇ ಮಂಜು. ಹಾಳೆ ಒಣಗಲ್ಲ ಅಂತ ಅಳೋ ಬದಲು ಆ ಒದ್ದೆಯನ್ನೇ ಇದಕ್ಕೆ ಬಳಸಿ, ಅಂಚು ತಾನಾಗೇ ಮೆತ್ತಗಾಗುತ್ತೆ.

ಓಂಕಾರೇಶ್ವರದ ಗುಮ್ಮಟವನ್ನು ಈರುಳ್ಳಿ ಮಾಡಿಬಿಟ್ಟಿದ್ದೀರಿ. ಇನ್ನೊಮ್ಮೆ ಹೋಗಿ ನೋಡಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ. ಮೊದಲು ನಾಲ್ಕು ಮೂಲೆ ಎಲ್ಲಿ ಬರುತ್ತೆ ಅಂತ ಚುಕ್ಕೆ ಇಟ್ಟು, ಆಮೇಲೆ ಗುಮ್ಮಟ ಕೂರಿಸಿ. ಎಲ್ಲರೂ ಗುಮ್ಮಟದಿಂದ ಶುರು ಮಾಡ್ತಾರೆ, ಕೊನೆಗೆ ಮೂಲೆಗೆ ಜಾಗ ಇರಲ್ಲ.

ಮೇಲಿನ ಕಾಮೆಂಟಲ್ಲಿ ಒಬ್ಬರು, ಮಳೆಯಲ್ಲಿ ಯಾಕೆ ಒದ್ದಾಟ, ಫೋಟೋ ಹೊಡೆದು ರೂಮಲ್ಲಿ ಬಿಡಿಸಿ ಅಂದಿದ್ದಾರೆ. ಬೇಡ. ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೊ 2007ರಲ್ಲಿ ಅರ್ಬನ್ ಸ್ಕೆಚರ್ಸ್ ಅನ್ನೋ ಬಳಗ ಶುರು ಮಾಡಿದಾಗಿಂದ ಅವರ ಮೊದಲ ನಿಯಮವೇ ಜಾಗದಲ್ಲಿ ಕೂತು, ಕಣ್ಣಾರೆ ನೋಡಿ ಬಿಡಿಸೋದು. ನಿಯಮ ಅಂತ ಅಲ್ಲ, ಫೋನಿಗೆ ಮಂಜು ಅರ್ಥ ಆಗಲ್ಲ. ತೆಳು ಬೂದು ಕಂಡ್ರೆ ಅದನ್ನು ತಾನೇ ಸರಿ ಮಾಡಿ ಗಾಢ ಮಾಡಿಬಿಡುತ್ತೆ. ಆದರೂ ಕುಪ್ಯ ಅನ್ನೋ ಕೊಡವ ನಿಲುವಂಗಿ ಮೇಲೆ ಸೊಂಟದ ಚೇಲೆ ಪಟ್ಟಿ ಹೇಗೆ ಕಟ್ಟಿದ್ದಾರೆ, ಪೀಚೆಕತ್ತಿ ಅನ್ನೋ ಕಿರುಗತ್ತಿ ಎಲ್ಲಿ ಸಿಕ್ಕಿಸಿದ್ದಾರೆ, ಇಂಥದಕ್ಕೆ ಒಂದು ಫೋಟೋ ಇರಲಿ, ಕೇಳಿ ತೆಗೀರಿ. ಅವನ್ನು ತಪ್ಪಾಗಿ ಬಿಡಿಸಿದರೆ ಊರವರು ಬಿಡಲ್ಲ, ನನಗೆ ಅನುಭವ ಇದೆ.

ಐನ್‌ಮನೆಗೆ ಹೋಗೋದಾದರೆ ಮೊದಲು ಮನೆ ಹಿರಿಯರನ್ನು ಮಾತಾಡಿಸಿ, ಚಪ್ಪಲಿ ಕೆಳಗೇ ಬಿಡಿ. ಕಂಬಗಳ ನಡುವೆ ಇರೋ ಐಮರ ಅನ್ನೋ ಮರದ ಹಲಗೆ ಮೇಲೆ ಕೂರಿ ಅಂತ ಅವರೇ ಹೇಳೋವರೆಗೆ ಕೂರಬೇಡಿ, ಅದು ಹಿರಿಯರು ಕೂರೋ ಜಾಗ. ಮೆಟ್ಟಿಲ ಬದಿಯಲ್ಲಿ ನಿಂತು ಶುರು ಮಾಡಿ. ಹತ್ತು ನಿಮಿಷಕ್ಕೆ ಯಾರಾದರೂ ಬೆಲ್ಲದ ಕಾಫಿ ತಂದು ಕೊಟ್ಟು, ಇದು ನಮ್ಮ ಮನೆಯಾ ಅಂತ ಕೇಳೇ ಕೇಳ್ತಾರೆ. ಗದ್ದೆ ಬದುವಲ್ಲಿ ಕೂರುವಾಗ ಉಪ್ಪಿನ ಪೊಟ್ಟಣ ಜೊತೆಗಿರಲಿ. ಉಂಬಳ ಕಾಲಿಗೆ ಹತ್ತಿದ್ದು ಗೊತ್ತಾಗೋದು ಚಿತ್ರ ಮುಗಿದ ಮೇಲೆ, ಸಾಕ್ಸ್ ಕೆಂಪಾದಾಗ. ನಾಟಿ ಮಾಡೋರನ್ನು ಬಿಡಿಸೋಕೆ ಒಂದು ಉಪಾಯ: ಒಬ್ಬರನ್ನೇ ಹಿಡಿದು ಕೂರಬೇಡಿ. ಬಗ್ಗಿದ್ದು, ಕೈ ಚಾಚಿದ್ದು, ನೆಟ್ಟಗೆ ನಿಂತು ಸೊಂಟ ಹಿಡಿದಿದ್ದು, ಮೂರು ಆಕಾರ ಒಟ್ಟಿಗೇ ಶುರು ಮಾಡಿ. ಕೆಲಸ ಅಂದ್ರೆ ಅದೇ ಭಂಗಿ ಮತ್ತೆ ಮತ್ತೆ ಬರುತ್ತೆ, ಬಂದಾಗ ಎರಡು ಗೆರೆ ಸೇರಿಸಿ. ತಲೆ ಮೇಲಿನ ಪ್ಲಾಸ್ಟಿಕ್ ಕೊಪ್ಪೆಗೆ ಹಾಳೆಯ ಬಿಳಿಯನ್ನೇ ಬಿಡಿ.

ದುಬಾರೆ ಶಿಬಿರದ ಆನೆ ಬಿಡಿಸಬೇಕು ಅಂದಿದ್ದೀರಿ. ಹೊಳೆ ತುಂಬಿದ್ದರೆ ದೋಣಿ ಬಿಡಲ್ಲ, ವಿಚಾರಿಸಿ ಹೋಗಿ. ಹೋದರೆ ಮುಂಗಾಲಿನ ಪಾದ ನೋಡಿಟ್ಟುಕೊಳ್ಳಿ, ಅದರ ಸುತ್ತಳತೆಯ ಎರಡರಷ್ಟು ಆನೆಯ ಭುಜದ ಎತ್ತರ, ಸುಮಾರಾಗಿ. ಈ ಲೆಕ್ಕ ಇದ್ದರೆ ಆನೆ ಎಮ್ಮೆ ಆಗಲ್ಲ. ದೋಣಿ ಇಲ್ಲದಿದ್ದರೆ ಮಡಿಕೇರಿ ಕೋಟೆಯೊಳಗೆ ಎರಡು ಗಾರೆಯ ಆನೆ ನಿಂತಿವೆ, ನಿಜವಾದ ಆನೆಯಷ್ಟೇ ದೊಡ್ಡವು, ಅಲ್ಲಾಡಲ್ಲ. ಅಭ್ಯಾಸಕ್ಕೆ ಅದೇ ವಾಸಿ.

ಈಗಿರೋ ಪುಸ್ತಕ ಕೀಳಬೇಡಿ. ಬಾಯಿ ತೆರೆದು ಬೀಸಣಿಗೆ ಥರ ಮೇಜಿನ ಮೇಲೆ ನಿಲ್ಲಿಸಿ, ಅಂಟಿಲ್ಲದ ಪುಟಗಳ ನಡುವೆ ಟಿಶ್ಯೂ ಇಡಿ, ಗಂಟೆಗೊಮ್ಮೆ ಬದಲಾಯಿಸಿ. ನ್ಯೂಸ್ ಪೇಪರ್ ಬೇಡ, ಅದರ ಅಕ್ಷರ ನಿಮ್ಮ ಕೊಳದಲ್ಲಿ ತೇಲುತ್ತೆ. ಅಂಟಿದ ಎರಡು ಪುಟ ಅರ್ಧ ಒಣಗಿದಾಗ, ಮೂಲೆಯಿಂದ ಬೆಣ್ಣೆ ಚಾಕು ಚಪ್ಪಟೆಯಾಗಿ ತೂರಿಸಿ ನಿಧಾನಕ್ಕೆ ಬಿಡಿಸಿ. ಪೂರ್ತಿ ಒದ್ದೆ ಇದ್ದಾಗ ಎಳೆದರೆ ನನ್ನ ಕಂಬದ ಗತಿ. ಆಮೇಲೆ ಹೋಂಸ್ಟೇ ಅಕ್ಕನ ಹತ್ತಿರ ಆರು ಬಟ್ಟೆ ಕ್ಲಿಪ್ ಇಸ್ಕೊಳ್ಳಿ. ನಾಡಿದ್ದು ಶುಕ್ರವಾರ, ಮಡಿಕೇರಿ ಸಂತೆ. ಎಳೆ ಬಿದಿರಿನ ಕಣಿಲೆ, ಅಣಬೆ ಇಟ್ಟುಕೊಂಡು ಕೂತಿರ್ತಾರೆ, ಟಾರ್ಪಾಲ್ ಕೆಳಗೆ ಒಂದು ಮೂಲೆ ಹಿಡಿದು ಬಿಡಿ ಹಾಳೆ ಮೇಲೆ ಬಿಡಿಸಿ, ಇಲ್ಲೇ ಹಾಕಿ. ಸ್ಯಾಪ್ ಗ್ರೀನ್ ಕಂಡ್ರೆ ಮತ್ತೆ ಬೈತೀನಿ.