ನವಾಹೋ ಜನರಲ್ಲಿ ಬೆಳ್ಳಿ ಕೆಲಸವು ಕುಟುಂಬದ ಕಸುಬಾದದ್ದು ಹೇಗೆ?

ಅಮೆರಿಕದ ನೈಋತ್ಯ ಭಾಗದ ನವಾಹೋ ಜನರಲ್ಲಿ ಈ ಕಸುಬಿನ ಮೊದಲಿಗನೆಂದು ಸಾಮಾನ್ಯವಾಗಿ ಗುರುತಿಸಲಾಗುವವನು ಅಟ್ಸಿಡಿ ಸಾನಿ. ಮೆಕ್ಸಿಕೋ ಮೂಲದ ಕಮ್ಮಾರನಿಂದ ಕಬ್ಬಿಣದ ಕೆಲಸ ಕಲಿತ ಆತ ಬೆಳ್ಳಿಗೆ ಕೈಹಾಕಿದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲವಾದರೂ, ಅಮೆರಿಕದ ಸೇನೆ ನವಾಹೋ ಜನರನ್ನು ಕೂಡಿಹಾಕಿದ್ದ ನ್ಯೂ ಮೆಕ್ಸಿಕೋದ ಬಾಸ್ಕ್ ರೆಡಾಂಡೊದ ಸೆರೆವಾಸ ಮುಗಿದು 1868ರಲ್ಲಿ ಜನರು ತಾಯ್ನೆಲಕ್ಕೆ ಮರಳಿದ ಮೇಲೆ ಈ ಕಲೆ ವೇಗವಾಗಿ ಹರಡಿತೆಂಬುದು ನಿಸ್ಸಂದೇಹ. ಆತ ತನ್ನ ಗಂಡುಮಕ್ಕಳಿಗೆ ಕಲಿಸಿದನು, ಅವರು ಇತರರಿಗೆ ಕಲಿಸಿದರು. ಶಾಲೆಯಿಲ್ಲದ ಆ ಕಾಲದಲ್ಲಿ ಬಂಧುತ್ವವೇ ಪಾಠಶಾಲೆಯಾಗಿತ್ತು.

ಮೊದಮೊದಲು ಅಮೆರಿಕದ ಡಾಲರ್ ಮತ್ತು ಮೆಕ್ಸಿಕೋದ ಪೆಸೊ ನಾಣ್ಯಗಳನ್ನೇ ಕರಗಿಸಿ, ಬಡಿದು ಆಭರಣ ಮಾಡುತ್ತಿದ್ದರು. ಪಚ್ಚೆನೀಲಿ ಟರ್ಕಾಯ್ಸ್ ಕಲ್ಲನ್ನು ಕೂರಿಸುವ ರೂಢಿ ಬಂದದ್ದು ಆಮೇಲೆ. ಜ್ವಾಲಾಮುಖಿ ಬೂದಿಯಿಂದಾದ ಮೃದುಗಲ್ಲಿನಲ್ಲಿ ವಿನ್ಯಾಸವನ್ನು ಕೊರೆದು, ಕರಗಿದ ಬೆಳ್ಳಿಯನ್ನು ಅದಕ್ಕೆ ಹೊಯ್ಯುವ ಎರಕದ ವಿಧಾನ (ನನ್ನ ದೃಷ್ಟಿಯಲ್ಲಿ ಈ ಪರಂಪರೆಯ ಅತ್ಯಂತ ಸುಂದರ ಭಾಗ) ಇಂದಿಗೂ ಬಳಕೆಯಲ್ಲಿದೆ.