ಬಾವಿ ನೀರಿಗೆ ಪೆಟ್ರೋಲ್ ವಾಸನೆ: ಒಂದೇ ವರದಿಯನ್ನು ನಂಬಬಹುದೇ?

ಪ್ರಶ್ನೆ: ನಮ್ಮ ಮನೆ ಇಳಿಜಾರಿನಲ್ಲಿದೆ. ಮೇಲಿನ ರಸ್ತೆಯಂಚಿನಲ್ಲಿ ಮುಚ್ಚಿಹೋದ ಹಳೆಯ ಪೆಟ್ರೋಲ್ ಬಂಕ್ ಇದೆ. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ನೀರಿಗೆ ಪೆಟ್ರೋಲ್ ವಾಸನೆ ಬಂದಿತ್ತು. ಜುಲೈನಲ್ಲಿ ಬಾವಿ ತುಂಬಿದ ಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಟ್ಟೆವು. ಎಣ್ಣೆಯ ಅಂಶ ಪತ್ತೆಯಾಗಿಲ್ಲವೆಂದು ವರದಿ ಬಂದಿದೆ, ವಾಸನೆಯೂ ಈಗಿಲ್ಲ. ಈ ನೀರನ್ನು ಕುಡಿಯಬಹುದೇ?
— ಓದುಗರೊಬ್ಬರು, ಸೋಮವಾರಪೇಟೆ ತಾಲ್ಲೂಕು

ಉತ್ತರ: ಆ ವರದಿಯೊಂದನ್ನೇ ನಂಬಿ ದಯವಿಟ್ಟು ಕುಡಿಯಬೇಡಿ. ಅಡುಗೆಗೂ ಸದ್ಯಕ್ಕೆ ಬೇರೆ ನೀರನ್ನೇ ಬಳಸಿ.

ಪೆಟ್ರೋಲ್ ನೀರಿಗಿಂತ ಹಗುರವಾದ್ದರಿಂದ ಟ್ಯಾಂಕಿನಿಂದ ಸೋರಿದ್ದು ಮಣ್ಣಿನಲ್ಲಿ ಇಳಿಯುತ್ತಾ ಅಂತರ್ಜಲದ ಮಟ್ಟಕ್ಕೆ ಬಂದು ಅದರ ಮೇಲೆ ಹರಡಿಕೊಳ್ಳುತ್ತದೆ. ಕೊಡಗಿನಂತಹ ಮಳೆನಾಡಿನಲ್ಲಿ ಆ ಮಟ್ಟ ವರ್ಷದಲ್ಲಿ ಹಲವು ಮೀಟರ್ ಏರಿಳಿಯಬಹುದು. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಎಣ್ಣೆಯೂ ಅದರೊಂದಿಗೆ ಇಳಿದು ದಾರಿಯುದ್ದಕ್ಕೂ ಮಣ್ಣಿನ ಕಣಗಳಿಗೆ ಮೆತ್ತಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಏರಿದಾಗ ಹಾಗೆ ಮೆತ್ತಿಕೊಂಡ ಎಣ್ಣೆ ನೀರಿನಡಿಯಲ್ಲೇ ಸಿಕ್ಕಿಬೀಳುವುದರಿಂದ ಬಾವಿಯ ಮೇಲ್ಮೈ ಸ್ವಚ್ಛವಾಗಿ ಕಾಣುತ್ತದೆ. ಆದರೆ ಅದು ಅಲ್ಲಿಂದಲೇ ನಿಧಾನವಾಗಿ ನೀರಿಗೆ ಕರಗುತ್ತಿರುತ್ತದೆ. ಏಪ್ರಿಲ್‌ನಲ್ಲಿ ಬಂದ ವಾಸನೆ ಜುಲೈನಲ್ಲಿ ಇಲ್ಲವಾದದ್ದಕ್ಕೆ ಇದೇ ಕಾರಣವಿರಬಹುದು. ಎಣ್ಣೆ ಹೋಗಿಬಿಟ್ಟಿತೆಂದು ಅದರಿಂದ ತೀರ್ಮಾನಿಸಲು ಬರುವುದಿಲ್ಲ.

ವರದಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಲ್ಲಿ ಖನಿಜ ತೈಲಕ್ಕೆ ಲೀಟರಿಗೆ 0.5 ಮಿಲಿಗ್ರಾಂ ಮಿತಿಯಿದೆ. ಪೆಟ್ರೋಲಿನಲ್ಲಿರುವ, ಕ್ಯಾನ್ಸರ್ ತರಬಲ್ಲ ಬೆಂಜೀನ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ ಮಾತ್ರ. ಹಾಗಾಗಿ ಎಣ್ಣೆ ಇಲ್ಲ ಎಂದ ಮಾತ್ರಕ್ಕೆ ಬೆಂಜೀನ್ ಇಲ್ಲ ಎಂದಾಗದು. ಮೂಗನ್ನೂ ನೆಚ್ಚಬೇಡಿ, ಏಕೆಂದರೆ ಬೆಂಜೀನ್‌ನ ವಾಸನೆ ತಿಳಿಯುವ ಹೊತ್ತಿಗೆ ಅದರ ಪ್ರಮಾಣ ಈ ಮಿತಿಯನ್ನು ಎಷ್ಟೋ ಪಟ್ಟು ದಾಟಿರುತ್ತದೆ. ಪೆಟ್ರೋಲಿನಲ್ಲಿರುವ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್ ಎಂಬ ನಾಲ್ಕನ್ನೂ ಹೆಸರಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಫಿ (ವಸ್ತುಗಳನ್ನು ಆವಿಯಾಗಿಸಿ, ಬೇರ್ಪಡಿಸಿ ಅಳೆಯುವ) ವಿಧಾನದಲ್ಲಿ ಪರೀಕ್ಷಿಸಬೇಕೆಂದು ಎನ್ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿರುವ ಪ್ರಯೋಗಾಲಯವನ್ನು ಕೇಳಿ. ಇವು ಗಾಳಿಗೆ ಹಾರಿಹೋಗುವ ವಸ್ತುಗಳಾದ್ದರಿಂದ ಪ್ಲಾಸ್ಟಿಕ್ ಬಾಟಲಿ ಸಲ್ಲದು. ಪ್ರಯೋಗಾಲಯದವರು ಆಮ್ಲದ ಹನಿ ಹಾಕಿ ಕೊಡುವ 40 ಮಿಲಿಲೀಟರಿನ ಗಾಜಿನ ಸೀಸೆಯನ್ನು ತುಳುಕಿಸದೆ ಅಂಚಿನವರೆಗೆ ತುಂಬಿ, ಮುಚ್ಚಳ ಹಾಕಿದ ಮೇಲೆ ತಲೆಕೆಳಗು ಮಾಡಿ ತಟ್ಟಿ ನೋಡಬೇಕು. ಒಳಗೆ ಗಾಳಿಯ ಗುಳ್ಳೆ ಓಡಾಡಿದರೆ ಆ ಮಾದರಿ ಕೆಲಸಕ್ಕೆ ಬಾರದು. ಸೀಸೆಯನ್ನು ಐಸ್‌ನಲ್ಲಿಟ್ಟೇ ಸಾಗಿಸಬೇಕು.

ಇಷ್ಟಾದರೂ ಅದು ನಿಮ್ಮ ಬಾವಿಯ ಒಂದು ದಿನದ ಸ್ಥಿತಿಯಷ್ಟೆ. ಸರಿಯಾದ ನಿಗಾ ಎಂದರೆ ಬಂಕಿನ ಜಾಗದ ಸುತ್ತ ವೀಕ್ಷಣಾ ಬಾವಿಗಳನ್ನು, ಅಂದರೆ ನೀರಿನ ಮಟ್ಟ ಅಳೆದು ಮಾದರಿ ತೆಗೆಯಲೆಂದೇ ರಂಧ್ರಗಳಿರುವ ಪೈಪ್ ಇಳಿಸಿದ ಕೊಳವೆಬಾವಿಗಳನ್ನು, ಕೊರೆಯುವುದು. ನೀರು ಹರಿಯುವ ದಿಕ್ಕು ತಿಳಿಯಲು ಒಂದೇ ಸಾಲಿನಲ್ಲಿಲ್ಲದ ಮೂರಾದರೂ ಬೇಕು. ಒಂದು ಬಂಕಿನ ಮೇಲ್ಭಾಗದಲ್ಲಿದ್ದು ಶುದ್ಧ ನೀರಿನ ಲೆಕ್ಕ ಕೊಡಬೇಕು, ಉಳಿದವು ಟ್ಯಾಂಕಿನಿಂದ ಇಳಿಜಾರಿನ ಕೆಳಬದಿಗೆ ನಿಮ್ಮ ಮನೆಯ ದಿಕ್ಕಿಗಿರಬೇಕು. ಅಂತರ್ಜಲ ಸಾಮಾನ್ಯವಾಗಿ ಇಳಿಜಾರನ್ನು ಅನುಸರಿಸಿ ಗದ್ದೆ ಬಯಲಿನತ್ತ ಹೋಗುತ್ತದಾದರೂ ನಮ್ಮಲ್ಲಿ ಮಣ್ಣಿನಡಿಯ ಬಂಡೆಯ ಬಿರುಕುಗಳು ಅದನ್ನು ಬೇರೆಡೆಗೆ ತಿರುಗಿಸಬಲ್ಲವು, ಆದ್ದರಿಂದ ನೆಲ ನೋಡಿ ಊಹಿಸಿದರೆ ಸಾಲದು. ಪೈಪಿನ ರಂಧ್ರಗಳಿರುವ ಭಾಗ ಬೇಸಿಗೆಯ ಮಟ್ಟದಿಂದ ಮಳೆಗಾಲದ ಮಟ್ಟದವರೆಗೂ ಚಾಚಿರಬೇಕೆಂಬುದನ್ನು ಒತ್ತಿ ಹೇಳುತ್ತೇನೆ. ಅದು ನೀರಿನಲ್ಲಿ ಪೂರ್ತಿ ಮುಳುಗಿದ್ದರೆ ತೇಲುವ ಎಣ್ಣೆ ಬಾವಿಯೊಳಕ್ಕೆ ಬರುವುದೇ ಇಲ್ಲ. ಪ್ರತಿ ಬಾರಿಯೂ ಮೊದಲು ನೀರಿನ ಆಳವನ್ನೂ ತೇಲುವ ಎಣ್ಣೆಯ ದಪ್ಪವನ್ನೂ ಅಳೆದು, ಆಮೇಲೆ ಮಾದರಿ ತೆಗೆಯಬೇಕು. ಏಪ್ರಿಲ್ ಕೊನೆ, ಜುಲೈ, ಅಕ್ಟೋಬರ್, ಜನವರಿ ಹೀಗೆ ವರ್ಷಕ್ಕೆ ನಾಲ್ಕು ಸಲ, ಕನಿಷ್ಠ ಎರಡು ವರ್ಷ ಅಳೆದರೆ ಮಾಲಿನ್ಯ ತಗ್ಗುತ್ತಿದೆಯೋ ನಿಮ್ಮತ್ತ ಸರಿಯುತ್ತಿದೆಯೋ ತಿಳಿಯುತ್ತದೆ.

ಈ ಖರ್ಚು ನಿಮ್ಮ ತಲೆಗೆ ಬರಬಾರದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಗ್ರಾಮ ಪಂಚಾಯಿತಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಏಪ್ರಿಲ್‌ನಲ್ಲಿ ವಾಸನೆ ಬಂದ ದಿನಾಂಕವನ್ನೂ ಆಗಿನ ನೀರಿನ ಮಟ್ಟವನ್ನೂ ಅದರಲ್ಲಿ ಬರೆಯಿರಿ. ಕ್ಲೋರಿನ್ ಹಾಕುವುದರಿಂದ ಪ್ರಯೋಜನವಿಲ್ಲ, ಕುದಿಸಿದರೆ ಆವಿ ಅಡುಗೆಮನೆಯನ್ನು ತುಂಬುತ್ತದೆ. ವಾಸನೆಯಿರುವಾಗ ಬಾವಿ ಸ್ವಚ್ಛಗೊಳಿಸಲು ಯಾರನ್ನೂ ಇಳಿಸಬೇಡಿ, ಹತ್ತಿರ ಬೆಂಕಿ ಒಯ್ಯಬೇಡಿ.

ಪ್ರಶ್ನೆ: ತೋಟದ ಕೆರೆಯ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪೊರೆ ಕಾಣುತ್ತಿದೆ. ಅಲ್ಲೇ ಡೀಸೆಲ್ ಪಂಪ್‌ಸೆಟ್ ಇದೆ. ಇದು ಡೀಸೆಲ್ ಇರಬಹುದೇ?
— ಓದುಗರೊಬ್ಬರು, ವಿರಾಜಪೇಟೆ ತಾಲ್ಲೂಕು

ಉತ್ತರ: ಒಂದು ಕಡ್ಡಿಯಿಂದ ಪೊರೆಯನ್ನು ಕದಡಿ ನೋಡಿ. ಗಾಜಿನ ಚೂರುಗಳಂತೆ ಒಡೆದು ಬೇರೆಬೇರೆಯಾಗಿಯೇ ಉಳಿದರೆ ಅದು ಬಹುಮಟ್ಟಿಗೆ ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ. ನಮ್ಮ ಕೆಂಪು ಮಣ್ಣಿನ ಒರತೆಗಳಲ್ಲಿ ಇದು ಸಾಮಾನ್ಯ, ಪಕ್ಕದಲ್ಲಿ ಕಿತ್ತಳೆ ಬಣ್ಣದ ಲೋಳೆಯೂ ಇರುತ್ತದೆ. ಸುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆಯೆಂದೇ ತಿಳಿದು, ಪಂಪ್‌ಸೆಟ್ಟನ್ನೂ ಡೀಸೆಲ್ ಡ್ರಮ್ಮನ್ನೂ ದಡದಿಂದ ದೂರಕ್ಕೆ ಒಯ್ದು, ಸೋರಿದ್ದು ನೆಲಕ್ಕಿಳಿಯದಂತೆ ಅಡಿಗೆ ಅಂಚಿರುವ ತಗಡಿನ ತಟ್ಟೆಯಿಡಿ.